ಯು ಅತ್ತೆಯ ರೆಕ್ಕೆಯೊಳಗೆ: ಹಳೆಯ ಸೇನಾ ಸಾಗಣೆ ವಿಮಾನ ಹಾರಿಸುವ ಖರ್ಚು, ಒಂದು ಪ್ರಕರಣ ಅಧ್ಯಯನ

2018ರ ಆಗಸ್ಟ್ 4ರ ಸಂಜೆ ಸ್ವಿಟ್ಜರ್ಲೆಂಡಿನ ಪಿಟ್ಸ್ ಸೆಗ್ನಾಸ್ ಎಂಬ ಬೆಟ್ಟದ ಬುಡದಲ್ಲಿ ಒಂದು ಯುಂಕರ್ಸ್ 52 ವಿಮಾನ ಬಿತ್ತು. 17 ಪ್ರಯಾಣಿಕರು, 3 ಸಿಬ್ಬಂದಿ. ಒಬ್ಬರೂ ಉಳಿಯಲಿಲ್ಲ. ವಿಮಾನಕ್ಕೆ ಆಗ 79 ವರ್ಷ.

ತನಿಖೆಯವರು ಚೂರುಗಳನ್ನು ಬೆಟ್ಟದಿಂದ ಇಳಿಸಿ, ಒಂದೊಂದನ್ನೇ ಬಿಡಿಸಿ ನೋಡಿದರು. ರೆಕ್ಕೆಯ ಒಳಗೆ ತುಕ್ಕು ಇತ್ತು, ಬಿರುಕೂ ಇತ್ತು. ಹೊರಗಿನಿಂದ ನೋಡಿದರೆ ಕಾಣುವ ಜಾಗವಲ್ಲ ಅದು. ರೆಕ್ಕೆ ಬಿಚ್ಚಿದರೆ ಮಾತ್ರ ಕಾಣುತ್ತದೆ. ನವೆಂಬರಿನಲ್ಲಿ ಈ ವಿಷಯ ಹೊರಬಿದ್ದ ಕೂಡಲೇ ಅದನ್ನು ಹಾರಿಸುತ್ತಿದ್ದ ಯು-ಏರ್ ಎಂಬ ಸಂಸ್ಥೆಯ ಉಳಿದ ವಿಮಾನಗಳನ್ನೂ ನೆಲಕ್ಕೆ ಕಟ್ಟಿಹಾಕಿದರು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ವಿಮಾನ ಬಿದ್ದದ್ದು ಈ ತುಕ್ಕಿನಿಂದ ಅಲ್ಲ. 2021ರ ಜನವರಿಯಲ್ಲಿ ಬಂದ ಅಂತಿಮ ವರದಿ ಅದನ್ನು ಸ್ಪಷ್ಟವಾಗಿ ಹೇಳಿದೆ. ಪೈಲಟ್‌ಗಳು ಇಕ್ಕಟ್ಟಾದ ಕಣಿವೆಯೊಳಗೆ ತೀರಾ ತಗ್ಗಿನಲ್ಲಿ, ತೀರಾ ನಿಧಾನವಾಗಿ ಹೊಕ್ಕಿದ್ದರು. ತಿರುಗಿಸಿಕೊಂಡು ಹೊರಬರಲು ಜಾಗ ಇರಲಿಲ್ಲ. ಜೊತೆಗೆ ವಿಮಾನದ ತೂಕ ಇರಬೇಕಾದ್ದಕ್ಕಿಂತ ಹಿಂದಕ್ಕೆ ಸರಿದಿತ್ತು. ತೂಕ ಹಂಚಿಕೆ ಲೆಕ್ಕ ಹಾಕುವ ಸಾಫ್ಟ್‌ವೇರೇ ತಪ್ಪು ಉತ್ತರ ಕೊಡುತ್ತಿತ್ತು. ಇಷ್ಟು ಅಪಘಾತದ ಕಥೆ. ನನಗೆ ಇಲ್ಲಿ ಬೇಕಾಗಿರುವುದು ಅದರ ಪಕ್ಕದಲ್ಲೇ ಬಯಲಾದ ಇನ್ನೊಂದು ಕಥೆ: ಚೆನ್ನಾಗಿ ನೋಡಿಕೊಳ್ಳುತ್ತಿದ್ದೇವೆ ಎಂದು ಎಲ್ಲರೂ ನಂಬಿದ್ದ ವಿಮಾನದ ರೆಕ್ಕೆ ಒಳಗೊಳಗೇ ಹಾಳಾಗುತ್ತಿದ್ದದ್ದು ಹೇಗೆ? ಅದನ್ನು ಸರಿ ಇಡಲು ಎಷ್ಟು ಖರ್ಚಾಗುತ್ತಿತ್ತು? ಆ ಖರ್ಚು ಯಾರ ಲೆಕ್ಕದಲ್ಲೂ ಯಾಕೆ ಬರಲಿಲ್ಲ?

ವಿಮಾನ ಮತ್ತು ಅದರ ಮನೆ

ಜರ್ಮನ್ನರು ಯುಂಕರ್ಸ್ 52ಕ್ಕೆ ಇಟ್ಟ ಅಡ್ಡಹೆಸರು 'ಟಾಂಟೆ ಯು'. ಅಂದರೆ ಯು ಅತ್ತೆ. ಮೂಗಿನಲ್ಲಿ ಒಂದು, ರೆಕ್ಕೆಗೆ ಒಂದೊಂದು, ಒಟ್ಟು ಮೂರು ಎಂಜಿನ್. ಮೈಯೆಲ್ಲ ಅಲೆ ಅಲೆಯಾದ ತಗಡು, ನಮ್ಮ ಶೀಟಿನ ಮಾಡಿನ ಹಾಗೆ. ಆ ಅಲೆ ಅಂದಕ್ಕಲ್ಲ. ತೆಳುವಾದ ತಗಡು ಮಡಿಕೆಯಿಂದಲೇ ಗಟ್ಟಿಯಾಗುತ್ತದೆ. ಹೆಚ್ಚು ಕಡಿಮೆ 5,000 ವಿಮಾನ ಕಟ್ಟಿದ್ದರು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೇನೆಯ ಸಾಮಾನು ಹೊತ್ತ ಮುಖ್ಯ ವಿಮಾನ ಇದೇ.

ಸ್ವಿಸ್ ವಾಯುಪಡೆ 1939ರಲ್ಲಿ ಇಂಥ ಮೂರನ್ನು ತೆಗೆದುಕೊಂಡಿತು. 1981ರವರೆಗೆ, ಅಂದರೆ 42 ವರ್ಷ, ದುಡಿಸಿಕೊಂಡಿತು. ಆಮೇಲೆ ಗುಜರಿಗೆ ಹೋಗಬೇಕಿದ್ದ ವಿಮಾನಗಳನ್ನು ವಾಯುಪಡೆಯ ಅಭಿಮಾನಿಗಳ ಸಂಘವೊಂದು ಉಳಿಸಿಕೊಂಡಿತು. ಜ್ಯೂರಿಕ್ ಹತ್ತಿರದ ಡ್ಯೂಬೆಂಡೋರ್ಫ್ ಸೇನಾ ವಿಮಾನ ನಿಲ್ದಾಣದಲ್ಲಿ 'ಯು-ಏರ್' ಶುರುವಾಯಿತು. ಜನರಿಗೆ ಟಿಕೆಟ್ ಮಾರಿ ಆಲ್ಪ್ಸ್ ತೋರಿಸುವುದು, ಬಂದ ದುಡ್ಡಿನಲ್ಲಿ ವಿಮಾನ ನೋಡಿಕೊಳ್ಳುವುದು. ಬೇಸಿಗೆಯಲ್ಲಿ ಹಾರಾಟ, ಚಳಿಗಾಲದಲ್ಲಿ ದುರಸ್ತಿ. ಪೈಲಟ್‌ಗಳು ವಾಯುಪಡೆಯಲ್ಲೋ ಏರ್‌ಲೈನ್‌ಗಳಲ್ಲೋ ಪಳಗಿದವರು. ಇಲ್ಲಿ ಹಾರಿಸುತ್ತಿದ್ದುದು ಸಂಬಳಕ್ಕಲ್ಲ, ಪ್ರೀತಿಗೆ.

ಇದು 35 ವರ್ಷ ನಡೆಯಿತು. ಬಿದ್ದ ವಿಮಾನ ಅಷ್ಟರಲ್ಲಿ 10,000 ಗಂಟೆಗೂ ಜಾಸ್ತಿ ಹಾರಿತ್ತು.

ಪೆಟ್ರೋಲು ದೊಡ್ಡ ಖರ್ಚಲ್ಲ

ಹಳೆಯ ವಿಮಾನ ಅಂದ ಕೂಡಲೇ ಎಲ್ಲರೂ ಇಂಧನದ ಲೆಕ್ಕ ತೆಗೆಯುತ್ತಾರೆ. ಸರಿ, ಅದನ್ನೇ ಮೊದಲು ಮುಗಿಸೋಣ. ಮೂರು ಬಿಎಂಡಬ್ಲ್ಯು 132 ಎಂಜಿನ್. ಒಂದೊಂದಕ್ಕೂ 9 ಸಿಲಿಂಡರ್, ಆ ಸಿಲಿಂಡರುಗಳ ಒಟ್ಟು ಗಾತ್ರ 27.7 ಲೀಟರ್. ಮೂರೂ ಸೇರಿ ಗಂಟೆಗೆ 400 ಲೀಟರ್ ಪೆಟ್ರೋಲು ಕುಡಿಯುತ್ತವೆ ಎಂದಿಟ್ಟುಕೊಳ್ಳಿ. ಕೇಳೋಕೆ ಗಾಬರಿ. ಆದರೆ 17 ಸೀಟಿಗೆ ಹಂಚಿದರೆ ತಲೆಗೆ 24 ಲೀಟರೂ ಆಗಲಿಲ್ಲ. ಲೀಟರಿಗೆ 3 ಸ್ವಿಸ್ ಫ್ರಾಂಕ್ ಹಿಡಿದರೂ ಸೀಟಿಗೆ ಗಂಟೆಗೆ 70 ಫ್ರಾಂಕ್ ಚಿಲ್ಲರೆ. ಜೀವನದಲ್ಲಿ ಒಂದು ಸಲ ಯು ಅತ್ತೆಯಲ್ಲಿ ಕೂರಬೇಕು ಎಂದು ಬಂದವರು ಇದನ್ನು ಮಾತಾಡದೆ ಕೊಡುತ್ತಾರೆ.

ಇಂಧನ ಖರ್ಚಿಗೆ ಇನ್ನೊಂದು ಗುಣವಿದೆ. ಹಾರದಿದ್ದರೆ ಅದು ಇಲ್ಲ. ಉಳಿದ ಖರ್ಚುಗಳು ಹಾಗಲ್ಲ. ಹ್ಯಾಂಗರ್, ವಿಮೆ, ಮೆಕ್ಯಾನಿಕ್‌ಗಳ ಸಂಬಳ, ವರ್ಷಕ್ಕೊಮ್ಮೆಯ ತಪಾಸಣೆ, ಕಾಗದಪತ್ರ, ಪೈಲಟ್‌ಗಳ ಕೈ ಪಳಗಿಸುವ ಹಾರಾಟ. ವಿಮಾನ ನಿಂತರೂ ಇವು ನಿಲ್ಲುವುದಿಲ್ಲ. (ಸೀಸ ಬೆರೆತ ವಿಮಾನ ಪೆಟ್ರೋಲು ಮುಂದೆ ಎಷ್ಟು ದಿನ ಸಿಗುತ್ತದೆ ಎನ್ನುವುದು ಬೇರೆಯೇ ತಲೆನೋವು. ಅದಕ್ಕೆ ಹಾಕುವ ಸೀಸದ ರಾಸಾಯನಿಕಕ್ಕೆ ಐರೋಪ್ಯ ಒಕ್ಕೂಟದಲ್ಲಿ 2025ರ ಮೇ 1ರಿಂದ ವಿಶೇಷ ಅನುಮತಿ ಬೇಕು.)

ಎಂಜಿನ್ ಮತ್ತು ಅದರ ಕಾಗದ

27 ಸಿಲಿಂಡರ್, ಸಿಲಿಂಡರಿಗೆ ಎರಡರಂತೆ 54 ಪ್ಲಗ್. ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡುವ ಮುಂಚೆ ಪ್ರೊಪೆಲ್ಲರನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ತಿರುಗಿಸಬೇಕು. ರಾತ್ರಿಯೆಲ್ಲ ನಿಂತ ಎಂಜಿನ್ನಿನಲ್ಲಿ ಎಣ್ಣೆ ಇಳಿದು ಕೆಳಗಿನ ಸಿಲಿಂಡರಿನಲ್ಲಿ ಸೇರಿಕೊಂಡಿರುತ್ತದೆ. ಎಣ್ಣೆ ಗಾಳಿಯ ಹಾಗೆ ಅದುಮಿಸಿಕೊಳ್ಳುವುದಿಲ್ಲ. ನೋಡದೆ ಸ್ಟಾರ್ಟ್ ಒತ್ತಿದರೆ ಪಿಸ್ಟನ್ ಅದಕ್ಕೆ ಗುದ್ದಿ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅದಕ್ಕೇ ಒಬ್ಬರು ಬ್ಲೇಡ್ ಎಣಿಸುತ್ತಾ ತಿರುಗಿಸುತ್ತಾರೆ. ಎಲ್ಲಾದರೂ ಬಿಗಿ ಅನಿಸಿದರೆ ಅಲ್ಲೇ ನಿಲ್ಲಿಸಿ, ಕೆಳಗಿನ ಪ್ಲಗ್ ಬಿಚ್ಚಿ, ಎಣ್ಣೆ ಸುರಿಸಿ, ಮತ್ತೆ ಹಾಕುತ್ತಾರೆ. ಅರ್ಧ ಗಂಟೆ ಹೋಯಿತು. ಆ ಅರ್ಧ ಗಂಟೆ ಉಳಿಸಲು ಹೋದವರಿಗೆ ಒಂದು ಎಂಜಿನ್ ಖರ್ಚು.

ಇಂಥ ಕೆಲಸ ಪ್ರೀತಿಯಿಂದ ನಡೆಯುತ್ತದೆ. ಪ್ರೀತಿಯಿಂದ ನಡೆಯದ ಕೆಲಸ ಬಿಡಿಭಾಗದ್ದು. ಯುಂಕರ್ಸ್ ಕಂಪನಿ ಎಂದೋ ಮುಚ್ಚಿತು. ಈ ಎಂಜಿನ್ನನ್ನು ಬಿಎಂಡಬ್ಲ್ಯು ಈಗ ಮಾಡುವುದಿಲ್ಲ. ಹಳೆಯ ದಾಸ್ತಾನು ಮುಗಿದ ಮೇಲೆ ಒಂದೇ ದಾರಿ: ಸವೆದ ಭಾಗವನ್ನೇ ಮಾದರಿಯಾಗಿಟ್ಟು ಹೊಸದು ಮಾಡಿಸುವುದು. ಅಳತೆ ತೆಗೆಯುವುದು ಸುಲಭ. ಅದು ಯಾವ ಉಕ್ಕು, ಯಾವ ಬಿಸಿಯಲ್ಲಿ ಕಾಯಿಸಿ ಯಾವುದರಲ್ಲಿ ಅದ್ದಿದರು, ಮೇಲ್ಪದರ ಎಷ್ಟು ಗಟ್ಟಿ, ಇದನ್ನು ಸವೆದ ತುಂಡು ತಾನಾಗಿ ಹೇಳುವುದಿಲ್ಲ. ಪ್ರಯೋಗಾಲಯಕ್ಕೆ ಕೊಡಬೇಕು. ಮಾಡಿದವರಿಗೆ ಅದನ್ನು ಮಾಡುವ ಅಧಿಕಾರ ಇರಬೇಕು. ಪ್ರತಿ ಭಾಗಕ್ಕೂ ಹುಟ್ಟಿದ ದಿನದಿಂದ ದಾಖಲೆ ಇರಬೇಕು. ಒಂದು ಭಾಗದ ಬೆಲೆಯಲ್ಲಿ ಲೋಹದ ಪಾಲು ಕಡಿಮೆ, ಕಾಗದದ ಪಾಲು ಜಾಸ್ತಿ.

ಯು-ಏರ್ ಎಡವಿದ್ದು ಇಲ್ಲೇ ಎಂದು ಸ್ವಿಸ್ ತನಿಖೆಯಲ್ಲಿ ಬಯಲಾಯಿತು. ಹೊಸದಾಗಿ ಮಾಡಿಸಿದ ಹಲವು ಭಾಗಗಳಿಗೆ ಇರಬೇಕಾದ ದಾಖಲೆ ಇರಲಿಲ್ಲ. ಕೆಲವು ಭಾಗಗಳ ಗುಣವೂ ಸರಿ ಇರಲಿಲ್ಲ. ಎಂಜಿನ್‌ಗಳಲ್ಲಿ ಮೊದಲಿನಷ್ಟು ಶಕ್ತಿ ಉಳಿದಿರಲಿಲ್ಲ. ಕಣ್ಣಿಡಬೇಕಾದ ಸರ್ಕಾರಿ ವಿಮಾನಯಾನ ಕಚೇರಿಗೂ ಇದು ಸಿಕ್ಕಿರಲಿಲ್ಲ ಎಂದು ವರದಿ ಅದರ ಕಡೆಗೂ ಬೆರಳು ತೋರಿಸಿತು. ಇದನ್ನು ಕಳ್ಳತನದ ಹಾಗೆ ಓದುವವರು ಇದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಸಾಮಾನು ಸಿಗದ ಯಂತ್ರವನ್ನು ವರ್ಷಗಟ್ಟಲೆ ನಡೆಸಿದವರಿಗೆ ಗೊತ್ತು: 'ಸದ್ಯಕ್ಕೆ ಇದು ಕೂತುಕೊಳ್ಳುತ್ತೆ, ನಡೆಯುತ್ತೆ' ಎನ್ನುವ ಮಾತು ಎಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ ಅಂತ. ಅದು ನಡೆಯುತ್ತದೆ ಕೂಡ. ಅದೇ ತೊಂದರೆ.

ರೆಕ್ಕೆಯೊಳಗಿನ ಕೊಳವೆ

ಎಂಜಿನ್ನು ಕೆಟ್ಟರೆ ಸದ್ದು ಮಾಡುತ್ತದೆ, ಬಿಸಿಯಾಗುತ್ತದೆ, ಎಣ್ಣೆಯಲ್ಲಿ ಲೋಹದ ಪುಡಿ ಬಿಡುತ್ತದೆ. ರೆಕ್ಕೆ ಮೌನಿ.

ರೆಕ್ಕೆಯ ಉದ್ದಕ್ಕೂ ಭಾರ ಹೊರುವ ಬೆನ್ನುಮೂಳೆಗೆ ಸ್ಪಾರ್ ಎನ್ನುತ್ತಾರೆ. ಯುಂಕರ್ಸ್ 52ರಲ್ಲಿ ಇವು ಡ್ಯುರಾಲುಮಿನ್ ಕೊಳವೆಗಳು. ಕೊಳವೆಗೆ ಕೊಳವೆ ರಿವೆಟ್ ಹೊಡೆದು ಜೋಡಿಸಿದ್ದಾರೆ, ಮೇಲೆ ಅಲೆ ತಗಡು ಹೊದಿಸಿದ್ದಾರೆ. ಡ್ಯುರಾಲುಮಿನ್ ಎಂದರೆ ತಾಮ್ರ ಬೆರೆಸಿದ ಅಲ್ಯೂಮಿನಿಯಂ. ಹಗುರ, ಗಟ್ಟಿ, ಆದರೆ ತೇವ ಕಂಡರೆ ಆಗುವುದಿಲ್ಲ. ಅದರ ತುಕ್ಕು ಕಬ್ಬಿಣದ ತುಕ್ಕಿನ ಹಾಗೆ ಕೆಂಪಗೆ ಮೇಲೆ ಬಂದು ಕೂರುವುದಿಲ್ಲ. ಲೋಹದ ಹರಳುಗಳ ಸಂದಿಯಲ್ಲಿ ಒಳಗೊಳಗೇ ಹರಡುತ್ತದೆ. ಮೇಲೆ ಬಣ್ಣ ಚೆನ್ನಾಗಿಯೇ ಇರುತ್ತದೆ, ಅಡಿಯಲ್ಲಿ ಲೋಹ ಪದರ ಪದರವಾಗಿ ಬಿಡುತ್ತಿರುತ್ತದೆ. ಎರಡು ತಗಡು ಒಂದರ ಮೇಲೊಂದು ಕೂತ ಜಾಗ, ರಿವೆಟ್ಟಿನ ಕುತ್ತಿಗೆ, ಕೊಳವೆಯ ಒಳಮೈ: ತೇವ ಸೇರುವುದು ಇಲ್ಲೇ, ಕಣ್ಣು ಹೋಗದ್ದೂ ಇಲ್ಲಿಗೇ.

ಹೊರಗೆ ನಿಂತ ಮೆಕ್ಯಾನಿಕ್‌ಗೆ ಸಿಗುವ ಸುಳಿವು ಕಡಿಮೆ. ಒಂದು ರಿವೆಟ್ ಸಡಿಲವಾಗಿದ್ದರೆ ಅದರ ತಲೆಯ ಹಿಂದೆ ಗಾಳಿ ಹೋಗುವ ದಿಕ್ಕಿಗೆ ಕಪ್ಪನೆ ಗೆರೆ ಬೀಳುತ್ತದೆ. ರಿವೆಟ್ ಅಲ್ಲಾಡಿ ಉಜ್ಜಿ ಉಜ್ಜಿ ಬಂದ ಅಲ್ಯೂಮಿನಿಯಂ ಪುಡಿ ಅದು. ಒಳ್ಳೆಯ ಮೆಕ್ಯಾನಿಕ್ ವಿಮಾನ ತೊಳೆಯುವ ಮೊದಲು ರೆಕ್ಕೆಯ ಸುತ್ತ ಒಂದು ಸುತ್ತು ಹಾಕುತ್ತಾನೆ. ತೊಳೆದ ಮೇಲೆ ನೋಡಿದರೆ ಗೆರೆ ಎಲ್ಲಿರುತ್ತೆ?

ಇದಕ್ಕೆ ಜೊತೆಯಾಗಿ ಲೋಹದ ಆಯಾಸ. ತಂತಿಯನ್ನು ಬಗ್ಗಿಸಿ ಬಗ್ಗಿಸಿ ಮುರಿಯುತ್ತೇವಲ್ಲ, ಅದೇ. ವಿಮಾನ ನೆಲದಲ್ಲಿದ್ದಾಗ ರೆಕ್ಕೆ ಕೆಳಕ್ಕೆ ಜೋತಿರುತ್ತದೆ, ಏರಿದಾಗ ಮೇಲಕ್ಕೆ ಬಾಗುತ್ತದೆ, ಇಳಿದಾಗ ಮತ್ತೆ ಕೆಳಕ್ಕೆ. ಹೀಗೆ ಒಂದು ಏರಿಳಿತಕ್ಕೆ ಒಂದು ಬಾಗು. ನಡುವೆ ಬೆಟ್ಟದ ಗಾಳಿಯ ಕುಲುಕಾಟದ್ದು ಬೇರೆ. ಉಕ್ಕಿಗೆ ಇಷ್ಟು ಒತ್ತಡದ ಕೆಳಗೆ ಎಷ್ಟು ಸಲ ಬಾಗಿಸಿದರೂ ಪರವಾಗಿಲ್ಲ ಎನ್ನುವ ಒಂದು ಮಿತಿ ಇದೆ. ಅಲ್ಯೂಮಿನಿಯಂಗೆ ಆ ರಿಯಾಯಿತಿ ಇಲ್ಲ. ಸಣ್ಣ ಬಾಗುಗಳೂ ಲೆಕ್ಕಕ್ಕೆ ಸೇರುತ್ತಲೇ ಇರುತ್ತವೆ.

ಈಗ ಪ್ರವಾಸಿ ಹಾರಾಟ ಹೇಗಿರುತ್ತದೆ ಯೋಚಿಸಿ. ಏರಿ, ಬೆಟ್ಟ ತೋರಿಸಿ, ಮುಕ್ಕಾಲು ಗಂಟೆಯಲ್ಲೋ ಒಂದು ಗಂಟೆಯಲ್ಲೋ ಇಳಿಯುವುದು. ಸೇನೆಯಲ್ಲಿ ಅದೇ ವಿಮಾನ ಉದ್ದದ ಹಾರಾಟಕ್ಕೆ ಹೋಗುತ್ತಿದ್ದರೆ ಒಂದು ಏರಿಳಿತಕ್ಕೆ ಎರಡು ಮೂರು ಗಂಟೆ ಸಿಗುತ್ತಿತ್ತು. ಲಾಗ್ ಪುಸ್ತಕದಲ್ಲಿ ಗಂಟೆ ನೋಡಿದರೆ ಎರಡೂ ಒಂದೇ. ರೆಕ್ಕೆಗೆ ಒಂದೇ ಅಲ್ಲ.

ಇನ್ನೊಂದು ವಿಷಯ. 1930ರ ದಶಕದಲ್ಲಿ ಇದನ್ನು ಕಟ್ಟಿದವರು 80 ವರ್ಷದ ಲೆಕ್ಕ ಹಾಕಿರಲಿಲ್ಲ. ಇಂದಿನ ವಿಮಾನಕ್ಕೆ ತಯಾರಕರು ಇಷ್ಟು ಏರಿಳಿತಕ್ಕೆ ಈ ಜಾಗ ನೋಡಿ, ಇಷ್ಟಾದ ಮೇಲೆ ಈ ಭಾಗ ಬಿಸಾಡಿ ಎಂದು ಬರೆದುಕೊಡುತ್ತಾರೆ. ಇಲ್ಲಿ ಬರೆದುಕೊಡುವವರೇ ಇಲ್ಲ. ಬಳಸುವವರೇ ಆ ಪುಸ್ತಕ ಬರೆಯಬೇಕು. ಬರೆಯಲು ರೆಕ್ಕೆ ಬಿಚ್ಚಬೇಕು, ಕೊಳವೆಯೊಳಗೆ ಕ್ಯಾಮೆರಾ ಬಿಡಬೇಕು, ಕ್ಷಕಿರಣ ಹಾಯಿಸಬೇಕು, ಅನುಮಾನ ಬಂದ ಕೊಳವೆಯನ್ನು ಹೊಸದಾಗಿ ಮಾಡಿ ಹಾಕಬೇಕು. ಒಂದು ವಿಮಾನಕ್ಕೆ ಇದನ್ನು ಮಾಡಲು ಒಂದು ಚಳಿಗಾಲ ಸಾಲುವುದಿಲ್ಲ. ಅಷ್ಟು ದಿನ ಅದು ಒಂದು ಟಿಕೆಟ್ಟೂ ದುಡಿಯುವುದಿಲ್ಲ.

ಬಲೆ

ಇಲ್ಲಿಗೆ ದುಡ್ಡಿನ ಗಂಟು ಬಿಚ್ಚಿಕೊಳ್ಳುತ್ತದೆ. ಸುಮ್ನೆ ಲೆಕ್ಕಕ್ಕೆ ಒಂದು ಅಂಕಿ ಹಿಡಿಯೋಣ. ಇದು ಯು-ಏರ್‌ನ ಲೆಕ್ಕವಲ್ಲ, ನಾನು ಹಾಕಿಕೊಂಡದ್ದು. ಒಂದು ವಿಮಾನದ ನಿಲ್ಲದ ಖರ್ಚು ವರ್ಷಕ್ಕೆ 3,00,000 ಫ್ರಾಂಕ್. 100 ಗಂಟೆ ಹಾರಿದರೆ ಗಂಟೆಗೆ 3,000. 17 ಸೀಟು ತುಂಬಿದರೆ ಸೀಟಿಗೆ 176. 300 ಗಂಟೆ ಹಾರಿದರೆ ಗಂಟೆಗೆ 1,000, ಸೀಟಿಗೆ 59.

ಯಾವ ಖಜಾಂಚಿಯಾದರೂ ಎರಡನೆಯದನ್ನೇ ಆರಿಸುತ್ತಾನೆ. ಟಿಕೆಟ್ ಅಗ್ಗ, ಜನ ಜಾಸ್ತಿ, ಲೆಕ್ಕ ಸರಿ. ಆದರೆ 300 ಗಂಟೆ ಎಂದರೆ ಮೂರು ಪಟ್ಟು ಏರಿಳಿತ. ರೆಕ್ಕೆ ಬಿಚ್ಚುವ ದಿನ ಮೂರು ಪಟ್ಟು ಬೇಗ ಬರುತ್ತದೆ. ಆ ದಿನದ ಖರ್ಚನ್ನು 59 ಫ್ರಾಂಕಿನೊಳಗೆ ಸೇರಿಸಿದ್ದಾರೆಯೇ? ಸೇರಿಸಿದರೆ ಟಿಕೆಟ್ ಅಗ್ಗವಾಗಿ ಉಳಿಯುವುದಿಲ್ಲ. ಸೇರಿಸದಿದ್ದರೆ ರಿಪೇರಿಗೆ ದುಡಿಯಲು ಹಾರಿಸಿದ್ದೇ ರಿಪೇರಿಯನ್ನು ಹೆಚ್ಚಿಸುತ್ತಾ ಹೋಗುತ್ತದೆ. ಮ್ಯೂಸಿಯಂನಲ್ಲಿ ಸುಮ್ಮನೆ ನಿಂತ ವಿಮಾನಕ್ಕೆ ಈ ಕಾಟವಿಲ್ಲ. ಹಾರಿ ತನ್ನ ಅನ್ನ ತಾನೇ ದುಡಿಯಬೇಕಾದ ವಿಮಾನಕ್ಕೆ ಮಾತ್ರ ಇದೆ.

ಸ್ವಯಂಸೇವಕರು ಈ ಬಲೆಯನ್ನು ಇನ್ನಷ್ಟು ಮರೆಮಾಡುತ್ತಾರೆ. ಇದನ್ನು ಹೇಳಲು ನನಗೆ ಇಷ್ಟವಿಲ್ಲ, ಏಕೆಂದರೆ ಅವರಿಲ್ಲದೆ ಇಂಥ ಒಂದು ವಿಮಾನವೂ ಎಲ್ಲೂ ಹಾರುವುದಿಲ್ಲ. ಆದರೆ ಪುಕ್ಕಟೆ ಸಿಕ್ಕ ದುಡಿಮೆ ಲೆಕ್ಕದ ಪುಸ್ತಕದಲ್ಲಿ ಬರುವುದಿಲ್ಲ. ಇಷ್ಟೇ ಖರ್ಚಿನಲ್ಲಿ ನಡೆಯುತ್ತಿದೆ ಅಂತ ಎಲ್ಲರಿಗೂ ಅನಿಸತೊಡಗುತ್ತದೆ. ಪ್ಲಗ್ ಬಿಚ್ಚಲು, ತಗಡು ಉಜ್ಜಲು ಸ್ವಯಂಸೇವಕರು ಸಿಗುತ್ತಾರೆ. ಲೋಹ ಪರೀಕ್ಷೆ ಮಾಡಿ ಸಹಿ ಹಾಕುವ ಎಂಜಿನಿಯರ್ ಪುಕ್ಕಟೆ ಸಿಗುವುದಿಲ್ಲ, ಸಿಗಲೂ ಬಾರದು.

ದೊಡ್ಡ ಕಂಪನಿಗೂ ಬಗ್ಗಲಿಲ್ಲ

ಸಂಘದ ಹತ್ತಿರ ದುಡ್ಡು ಕಡಿಮೆ, ಅದಕ್ಕೇ ಹೀಗಾಯಿತು ಎನ್ನಬಹುದು. ಹಾಗಾದರೆ ಜರ್ಮನಿಯ ದೊಡ್ಡ ಏರ್‌ಲೈನ್ ಲುಫ್ತಾನ್ಸಾ ನೋಡಿ. ಅವರ ಹತ್ತಿರವೂ ಒಂದು ಯುಂಕರ್ಸ್ 52 ಇತ್ತು. 1936ರಲ್ಲಿ ಕಟ್ಟಿದ್ದು, ನಾರ್ವೆ, ಎಕ್ವಡಾರ್, ಅಮೆರಿಕ ಎಲ್ಲ ಸುತ್ತಿ ಬಂದದ್ದು. 1984ರಲ್ಲಿ ಕೊಂಡು, ಹ್ಯಾಂಬರ್ಗ್‌ನಲ್ಲಿ ಪೂರ್ತಿ ಬಿಚ್ಚಿ ಕಟ್ಟಿ, 1986ರಿಂದ ಜನರನ್ನು ಹಾರಿಸಿದರು. ಇದಕ್ಕೆ ಹಿಂದಿನ ಮಾಲೀಕರೇ ಅಮೆರಿಕದ ಪ್ರ್ಯಾಟ್ ಅಂಡ್ ವಿಟ್ನಿ ಎಂಜಿನ್ ಹಾಕಿಸಿದ್ದರು. ಅಂದರೆ ಎಂಜಿನ್ ಸಾಮಾನಿನ ತಲೆನೋವು ಅರ್ಧ ಇಳಿದಿತ್ತು. ಮನೆಯಲ್ಲೇ ಜಗತ್ತಿನ ದೊಡ್ಡ ವಿಮಾನ ದುರಸ್ತಿ ಕಂಪನಿಗಳಲ್ಲಿ ಒಂದು ಇತ್ತು.

2015ರಲ್ಲಿ ಅದರ ಸ್ಪಾರ್‌ನಲ್ಲೂ ಬಿರುಕು ಸಿಕ್ಕಿತು. ಹುಡುಕುವ ಸಲಕರಣೆ, ಹುಡುಕುವ ಜನ, ಹಾರಾಟ ನಿಲ್ಲಿಸುವ ತಾಕತ್ತು ಮೂರೂ ಅವರಿಗಿದ್ದವು. ನಿಲ್ಲಿಸಿದರು, ದುರಸ್ತಿ ಮಾಡಿದರು, ಮತ್ತೆ ಹಾರಿಸಿದರು. 2019ರ ಶುರುವಿನಲ್ಲಿ ಮಾತ್ರ ಇದಕ್ಕೆ ಇನ್ನು ದುಡ್ಡು ಹಾಕುವುದಿಲ್ಲ ಎಂದುಬಿಟ್ಟರು. ಸರಿಯಾಗಿ ನೋಡಿಕೊಳ್ಳಲು ಬರುತ್ತಿರಲಿಲ್ಲ ಎಂದಲ್ಲ. ಅದಕ್ಕೆ ಎಷ್ಟಾಗುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅದೇ ಕಾಲದ ಇನ್ನೊಂದು ಸೇನಾ ಸಾಗಣೆ ವಿಮಾನ, ಡಗ್ಲಸ್ ಸಿ-47, ಇಷ್ಟು ಕಷ್ಟ ಕೊಡುವುದಿಲ್ಲ. 10,000ಕ್ಕೂ ಜಾಸ್ತಿ ಕಟ್ಟಿದ್ದರು. ಅದರ ಟ್ವಿನ್ ವಾಸ್ಪ್ ಎಂಜಿನ್ 1,73,618 ತಯಾರಾದವು. ಇಷ್ಟು ಸಂಖ್ಯೆಯಲ್ಲಿ ಬಂದ ವಿಮಾನದ ಎಂಜಿನ್ ಇನ್ನೊಂದಿಲ್ಲ. ಅಮೆರಿಕದ ಆಶ್‌ಕೋಶ್‌ನಲ್ಲಿ ಬ್ಯಾಸ್ಲರ್ ಎಂಬ ಕಂಪನಿ ಹಳೆಯ ಸಿ-47ಗಳಿಗೆ ಟರ್ಬೈನ್ ಎಂಜಿನ್ ಕೂರಿಸಿ ದುಡಿಮೆಗೇ ಕಳಿಸುತ್ತದೆ. ಒಂದು ಮಾದರಿ ಇನ್ನೂ ದುಡಿಯುತ್ತಿದ್ದರೆ ಅದರ ಸಾಮಾನು, ನಕ್ಷೆ, ಕೈಪಿಡಿ, ಗೊತ್ತಿರುವ ಮೆಕ್ಯಾನಿಕ್ ಎಲ್ಲ ಬದುಕಿರುತ್ತವೆ. ಹವ್ಯಾಸಿಗಳು ಅದರ ಬೆನ್ನು ಹತ್ತಿ ಸಾಗಬಹುದು. ಹಳೆಯ ವಿಮಾನ ಕೊಳ್ಳುವವರು ವಯಸ್ಸು ಕೇಳುತ್ತಾರೆ. ಇದನ್ನು ಇನ್ನೂ ಯಾರು ದುಡಿಸುತ್ತಿದ್ದಾರೆ ಎಂದು ಕೇಳುವುದು ಒಳ್ಳೆಯದು.

ತಮಾಷೆ ಅಂದರೆ, ಹೊಸದಾಗಿ ಕಟ್ಟುವುದೇ ಒಂದೊಂದು ಸಲ ಸುಲಭ. ಯುಂಕರ್ಸ್ 52ರ ಅಜ್ಜನಂಥ ಎಫ್ 13 ವಿಮಾನವನ್ನು ರಿಮೋವಾ ಸೂಟ್‌ಕೇಸ್ ಕಂಪನಿ ಮತ್ತೆ ಕಟ್ಟಿಸಿತು. 2016ರಲ್ಲಿ ಅದು ಇದೇ ಡ್ಯೂಬೆಂಡೋರ್ಫ್‌ನಿಂದ ಹಾರಿತು. ಅಲೆ ತಗಡನ್ನೂ ಹೊಸದಾಗಿಯೇ ಮಾಡಿದರು. ಹೊಸ ಲೋಹಕ್ಕೆ ಹುಟ್ಟಿದ ದಿನಾಂಕ ಗೊತ್ತು, ಅದರ ಮೇಲೆ ಬಿದ್ದ ಭಾರವೂ ಗೊತ್ತು. ಹಳೆಯದರಲ್ಲಿ ಅದನ್ನು ಪತ್ತೆ ಹಚ್ಚುವುದಕ್ಕೇ ದುಡ್ಡು.

2019ರ ಮಾರ್ಚ್ ಆದ ಮೇಲೆ

ಅಪಘಾತದ ಎರಡು ವಾರದೊಳಗೆ ಯು-ಏರ್ ಮತ್ತೆ ಹಾರಾಟ ಶುರು ಮಾಡಿತ್ತು. ಇನ್ನಷ್ಟು ಎತ್ತರದಲ್ಲಿ ಹಾರಬೇಕು, ಪ್ರಯಾಣಿಕರು ಸೀಟು ಬಿಟ್ಟು ಏಳಬಾರದು ಎಂಬ ಷರತ್ತುಗಳಿದ್ದವು. ನವೆಂಬರಿನ ವರದಿ ಅದನ್ನೂ ನಿಲ್ಲಿಸಿತು. 2019ರ ಮಾರ್ಚ್‌ನಲ್ಲಿ ಸ್ವಿಸ್ ವಿಮಾನಯಾನ ಕಚೇರಿ ತೀರ್ಮಾನ ಹೇಳಿತು: ಈ ವಿಮಾನಗಳಲ್ಲಿ ಇನ್ನು ಟಿಕೆಟ್ ಮಾರಿ ಜನರನ್ನು ಕರೆದೊಯ್ಯುವಂತಿಲ್ಲ. ವಿಮಾನ ಸರಿ ಇದೆ ಎಂದು ತೋರಿಸಿಕೊಟ್ಟರೆ ಸಂಘದ ಸದಸ್ಯರನ್ನು ಖಾಸಗಿಯಾಗಿ ಹಾರಿಸಬಹುದು.

ಖಜಾಂಚಿಯ ಕಣ್ಣಿನಿಂದ ಇದನ್ನು ಓದಿ. ಆದಾಯದ ಸಾಲು ಹೋಯಿತು. ಖರ್ಚಿನ ಕಡೆ ಹ್ಯಾಂಗರ್ ಇದೆ, ವಿಮೆ ಇದೆ, ಸಂಬಳ ಇದೆ, ಅದರ ಮೇಲೆ ಇಷ್ಟು ವರ್ಷ ಮುಂದೂಡಿದ್ದ ರೆಕ್ಕೆಯ ಕೆಲಸ ಈಗ ಎಲ್ಲ ವಿಮಾನಕ್ಕೂ ಒಟ್ಟಿಗೇ ಬಂದು ಕೂತಿದೆ. ತೀರ್ಮಾನ ತಪ್ಪು ಎಂದು ನಾನು ಹೇಳುವುದಿಲ್ಲ. ದುಡ್ಡು ಕೊಟ್ಟು ಹತ್ತುವ ಪ್ರಯಾಣಿಕನಿಗೆ ರೆಕ್ಕೆಯೊಳಗಿನ ಕಥೆ ಗೊತ್ತಿರುವುದಿಲ್ಲ. ಗೊತ್ತಿಲ್ಲದವನ ಪರವಾಗಿ ಯಾರಾದರೂ ನೋಡಲೇಬೇಕು, ಅಲ್ವಾ? ಬೇಜಾರಾಗುವುದು ಕ್ರಮದ ಬಗ್ಗೆ. ವಿಮಾನಗಳು ಸರದಿಯಂತೆ ವರ್ಷಕ್ಕೊಂದು ನಿಂತು ರೆಕ್ಕೆ ಬಿಚ್ಚಿಸಿಕೊಂಡಿದ್ದರೆ ಟಿಕೆಟ್ ಜಾಸ್ತಿಯಾಗುತ್ತಿತ್ತು, ಹಾರಾಟ ಕಡಿಮೆಯಾಗುತ್ತಿತ್ತು, ಕೆಲವರು ಗೊಣಗುತ್ತಿದ್ದರು. ಅಷ್ಟೇ ಆಗುತ್ತಿತ್ತು.

ಹಳೆಯ ವಿಮಾನ ಉಳಿಸಲು ದೇಣಿಗೆ ಕೊಡಿ ಎಂದು ಯಾವುದೇ ಸಂಘ ಕೇಳಿದಾಗ ನನಗೆ ಈಗ ಬಣ್ಣ, ಎಂಜಿನ್ನಿನ ಸದ್ದು ಯಾವುದರ ಮೇಲೂ ಕುತೂಹಲವಿಲ್ಲ. ಕೊನೆಯ ಸಲ ಸ್ಪಾರ್ ಒಳಗೆ ನೋಡಿದ್ದು ಯಾವ ವರ್ಷ, ನೋಡಿದವರು ಯಾರು, ಮುಂದಿನ ಸಲ ನೋಡಲು ಎತ್ತಿಟ್ಟ ದುಡ್ಡು ಎಷ್ಟು, ಈ ಮೂರನ್ನು ಕೇಳುತ್ತೇನೆ. ಮೂರನೆಯದಕ್ಕೆ ಉತ್ತರ ಬರಲು ಸ್ವಲ್ಪ ಹೊತ್ತು ಹಿಡಿಯುತ್ತದೆ.